ಹಳೆಯ ಕಾಗದಕ್ಕೂ ಬೆಲೆಯುಂಟು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಚರಿತ್ರೆ ಬರೆಯಬೇಕೆಂದು ಕಳೆದ ಸಭೆಯಲ್ಲಿ ನೀವು ಅಪ್ಪಣೆ ಕೊಟ್ಟಿರಿ. ಚರಿತ್ರೆ ಬರೆಯುವ ಬಗೆ ನಮಗೆ ಗೊತ್ತಿರಲಿಲ್ಲ. ರಜೆಯ ದಿನ ನಾವು ಮೂವರು ಬೈಕಲಾದ ರಾಣಿಬಾಗಿನ ಮಗ್ಗುಲಿನ ಡಾ. ಭಾವು ದಾಜಿ ಲಾಡ್ ಮ್ಯೂಸಿಯಮ್ಮಿಗೆ ಹೋದೆವು. 1872ರಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಎಂದು ತೆರೆದ ಅದಕ್ಕೆ 1975ರಲ್ಲಿ ಈಗಿನ ಹೆಸರು ಬಂತು.

ಹಳೆಯ ಕಾಗದ ನೋಡಲು ಅರ್ಜಿ ಬರೆದುಕೊಟ್ಟೆವು. ಚೀಲ ಹೊರಗಿಟ್ಟೆವು. ಪೆನ್ನು ಕೂಡದು, ಪೆನ್ಸಿಲು ಮಾತ್ರ ಎಂದರು. ಕಪ್ಪುಬಸಿ ತೊಳೆದ ಕೈಗಳನ್ನು ಒರೆಸಿಕೊಂಡು ಒಂದೊಂದೇ ಹಾಳೆ ತಿರುವಿದೆವು. ಊರಿನ ಹಳೆಯ ನಕ್ಷೆಗಳನ್ನೂ ಕಸುಬುದಾರರ ಮಣ್ಣಿನ ಗೊಂಬೆಗಳನ್ನೂ ಕಂಡೆವು. ಹೋಟೆಲಿನ ಮಾಣಿ ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ.

1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಇದೇ ಮುಂಬಯಿಯಲ್ಲಿ ಮಿಲ್ಲು ಕಾರ್ಮಿಕರ ಸಭೆ ಕೂಡಿಸಿದರು. ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಮುಂದಿನ ತಿಂಗಳ 15ರೊಳಗೆ ಸಂಬಳ, ಇವೆಲ್ಲ ಬೇಡಿಕೆಗಳು. ಸುಮಾರು 5,500 ಮಂದಿ ಸಹಿ ಹಾಕಿದರು. 1890ರಲ್ಲಿ ಭಾನುವಾರದ ರಜೆ ಸಿಕ್ಕಿತು. ನಮಗಿದು ಹೇಗೆ ಗೊತ್ತು? ಅವರು ಬರೆದಿಟ್ಟರು, ಯಾರೋ ಕಾಪಾಡಿದರು, ಅದರಿಂದ.

ಹಿಂದಿರುಗಿ ನಮ್ಮ ಸಂಘದ ಟ್ರಂಕು ತೆರೆದೆವು. ಅರ್ಧ ಗೆದ್ದಲಿನ ಪಾಲಾಗಿತ್ತು. ಉಳಿದುದರಲ್ಲಿ ಹಳೆಯ ಚಂದಾ ಪುಸ್ತಕವೊಂದಿತ್ತು. ನಮ್ಮ ಸದಸ್ಯರೊಬ್ಬರು ಒಂದೇ ಹೋಟೆಲಿನಲ್ಲಿ 22 ವರ್ಷ ದುಡಿದವರು. ಗ್ರಾಚ್ಯುಯಿಟಿ ಕೇಳಿದಾಗ ಧಣಿಗಳು, 'ಇವನು ಸೇರಿ ಮೂರೇ ವರ್ಷ' ಎಂದುಬಿಟ್ಟರು. ಐದು ವರ್ಷ ತುಂಬದೆ ಹಕ್ಕಿಲ್ಲವಲ್ಲ! ಆ ಪುಸ್ತಕದಲ್ಲಿ ಅವರ ಹೆಸರು, ಎದುರಿಗೆ ಹೋಟೆಲಿನ ಹೆಸರು, ವರ್ಷ ವರ್ಷದ ಚಂದಾ, ಎಲ್ಲವೂ ಇದೆ. ವಕೀಲರ ಕೈಗೆ ಕೊಟ್ಟಿದ್ದೇವೆ. ತೀರ್ಪು ಇನ್ನೂ ಆಗಿಲ್ಲ; ಆದರೆ ಬರಿಗೈಯಲ್ಲಿ ನಿಂತಿಲ್ಲ.

ಮಿಲ್ಲಿನ ಅಣ್ಣಂದಿರಿಗೆ ಇದು ಹೊಸತಲ್ಲ. ಮಿಲ್ಲು ಕಾರ್ಮಿಕರ ಮನೆಗೆ ಅರ್ಜಿ ಹಾಕುವಾಗ ಹಳೆಯ ಪಾಸು, ಹಾಜರಿ ಚೀಟಿಗಾಗಿ ಎಷ್ಟು ಮಂದಿ ಪೆಟ್ಟಿಗೆ ತಡಕಾಡಲಿಲ್ಲ!

ಆದುದರಿಂದ ಬಂಧುಗಳೇ, ಸಂಬಳದ ಚೀಟಿ, ರಾತ್ರಿಶಾಲೆಯ ಸರ್ಟಿಫಿಕೇಟು, ಖೋಲಿಯಲ್ಲಿ ತೆಗೆಸಿದ ಫೋಟೋ, ಯಾವುದನ್ನೂ ರದ್ದಿಗೆ ಹಾಕಬೇಡಿ. ಫೋಟೋದ ಹಿಂದೆ ಹೆಸರು, ವರ್ಷ ಬರೆಯಿರಿ. ಸಂಘದ ಕಚೇರಿಗೆ ತನ್ನಿರಿ. ನಕಲು ಮಾಡಿಕೊಂಡು ಮೂಲವನ್ನು ನಿಮಗೇ ಕೊಡುತ್ತೇವೆ. ಒಂದು ಕಬ್ಬಿಣದ ಕಪಾಟು ಕೊಳ್ಳಲು ಈ ಸಭೆ ಒಪ್ಪಿಗೆ ಕೊಡಬೇಕೆಂದು ಕೇಳಿ, ನಮ್ಮ ಮಾತು ಮುಗಿಸುತ್ತೇವೆ.