ಮೆಕ್ಕೆಜೋಳದ ಸತ್ವ, ಓಮದ ಔಷಧಿ, ನಮ್ಮ ಹಾಲು

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಔಷಧಿ ವಿಷಯ ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದಾಗ, "ಅದಕ್ಕೆ ಪಶು ಡಾಕ್ಟರನ್ನು ಕರೆಸಿ" ಅಂದೆವು. "ಡಾಕ್ಟರು ಹೇಳಿದ್ದನ್ನ ಎಷ್ಟು ಸಲ ಕೇಳಿಲ್ಲ? ಪೆಟ್ಟು ತಿಂದವರು ನೀವು, ನೀವೇ ಹೇಳಿ" ಅಂದರು. ಆ ಪೆಟ್ಟಿನಿಂದಲೇ ಶುರು ಮಾಡುತ್ತೇವೆ.

ಮೂರು ವರ್ಷದ ಹಿಂದೆ ಜಡಿಮಳೆಯಲ್ಲಿ ನಮ್ಮ ಎಚ್.ಎಫ್. ಹಸುವಿಗೆ ಕೆಚ್ಚಲು ಬಾವು ಬಂತು. ಒಂದು ಮೊಲೆ ಕಲ್ಲಾಗಿತ್ತು, ಹಿಂಡಿದರೆ ಗಸಿ. ಡಾಕ್ಟರು ಬಂದು ಮೊಲೆತೊಟ್ಟಿಗೆ ಟ್ಯೂಬು ಏರಿಸಿ, ಇಂಜೆಕ್ಷನ್ ಕೊಟ್ಟು, "ನಾನು ಹೇಳುವವರೆಗೆ ಈ ಹಾಲು ಡೈರಿಗೆ ಹಾಕಬೇಡಿ" ಅಂತ ಎರಡು ಸಲ ಹೇಳಿ ಹೋದರು. ಮೂರನೇ ದಿನಕ್ಕೆ ಬಾವು ಇಳಿಯಿತು, ಹಾಲು ಬೆಳ್ಳಗೆ ಬಂತು. ಸಾಲದ ಕಂತು ತಲೆ ಮೇಲಿತ್ತು. ಹಾಕಿಬಿಟ್ಟೆವು.

ಅದೇ ಹಾಲಿಗೆ ಮನೆಯಲ್ಲಿ ಹೆಪ್ಪು ಹಾಕಿದ್ದರು. ಬೆಳಿಗ್ಗೆ ನೋಡಿದರೆ ಮೊಸರು ಕಟ್ಟಿಲ್ಲ, ನೀರು ನೀರು. ನಮ್ಮ ಅವ್ವ ಪಾತ್ರೆ ಬಗ್ಗಿಸಿ ನೋಡಿ, "ಹೆಪ್ಪಿನ ತಪ್ಪಲ್ಲ ಕಣಪ್ಪ, ಹಾಲಲ್ಲೇ ಏನೋ ಐತೆ" ಅಂದಳು. ಅವ್ವ ಹೇಳಿದ್ದನ್ನೇ ಮಧ್ಯಾಹ್ನ ಪರೀಕ್ಷೆಯ ಚೀಟಿ ಹೇಳಿತು. ಔಷಧಿ ಅಂಶ ಸಿಕ್ಕಿ ನಮ್ಮ ಸಂಘದ ಆ ಹೊತ್ತಿನ ಹಾಲೆಲ್ಲ ವಾಪಸ್ಸು ಬಂತು. ಒಂದು ಹಸು ಕಟ್ಟಿಕೊಂಡು ಜೀವನ ಮಾಡುವವರ ಹಾಲೂ ಅದರಲ್ಲಿತ್ತು. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಷ್ಟವನ್ನು ನಮ್ಮ ಲೆಕ್ಕದಲ್ಲಿ ಮುರಿದುಕೊಳ್ಳಿ ಅಂತ ಬರೆದುಕೊಟ್ಟು ಮನೆಗೆ ಬಂದೆವು.

ಮೊಸರು ಯಾಕೆ ಕಟ್ಟಲಿಲ್ಲ? ಹಾಲನ್ನು ಮೊಸರು ಮಾಡುವುದೂ ಒಂದು ಜಾತಿಯ ಸೂಕ್ಷ್ಮ ಜೀವಿಯೇ. ಕೆಟ್ಟ ರೋಗಾಣುವಿಗೆ ಕೊಟ್ಟ ಔಷಧಿ ಹಾಲಿನಲ್ಲಿ ಉಳಿದು ಇವನ್ನೂ ಕೊಂದಿತ್ತು. ಬೇಕಾಗಿದ್ದು ಒಂದು ಮೊಲೆಗೆ, ಹೋಗಿ ಕೂತದ್ದು ಎಲ್ಲೆಲ್ಲೋ. ಇಷ್ಟಕ್ಕೇ ಮುಗಿಯುವುದಿಲ್ಲ. ಹೀಗೆ ಅಷ್ಟಿಷ್ಟು ಔಷಧಿ ಎಲ್ಲ ಕಡೆ ಸೋರಿದರೆ ಸಾಯದೆ ಉಳಿದ ರೋಗಾಣು ಅದಕ್ಕೆ ಪಳಗಿಬಿಡುತ್ತದೆ. ಆಮೇಲೆ ಅದೇ ಔಷಧಿ ಮನುಷ್ಯರಿಗೆ ಕೊಟ್ಟರೂ ನಾಟುವುದಿಲ್ಲ. 2019ನೇ ಇಸವಿ ಒಂದರಲ್ಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಇಂಥ ಪಳಗಿದ ರೋಗಾಣುಗಳಿಂದಲೇ ಸತ್ತರೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಅದೇ ವರ್ಷ ಕೇಂದ್ರ ಸರ್ಕಾರ ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿ, ದನಗಳಿಗೆ ಕೊಡಬಾರದೆಂದು ನಿಷೇಧಿಸಿತು. ಯಾಕೆಂದರೆ ಬೇರೆ ಯಾವುದೂ ನಾಟದಾಗ ಆಸ್ಪತ್ರೆಯವರು ಕೊನೆಗೆ ಹಿಡಿಯುವ ಔಷಧಿಗಳಲ್ಲಿ ಅದೂ ಒಂದು.

ಇನ್ನು ನಾವು ಹೇಳಬೇಕೆಂದಿರುವ ವಿಷಯಕ್ಕೆ ಬರೋಣ. ಆಹಾರ ವಿಜ್ಞಾನ ಓದುತ್ತಿರುವ ನಮ್ಮ ಮಗಳು ದಸರಾ ರಜೆಗೆ ಬಂದಿದ್ದಳು. ಅಂಗಳದಲ್ಲಿ ಮೆಕ್ಕೆಜೋಳದ ರಾಶಿ ಒಣಗುತ್ತಿತ್ತು. "ಅಪ್ಪಾಜಿ, ಈ ಕಾಳಿನೊಳಗೆ ಔಷಧಿ ಹೊರುವ ಕೂಲಿಯಾಳು ಇದ್ದಾನೆ ಗೊತ್ತಾ?" ಅಂದಳು. ತಮಾಷೆ ಅಂದುಕೊಂಡೆವು.

ಕ್ವಿಂಟಲ್ ಮೆಕ್ಕೆಜೋಳದಲ್ಲಿ ಸುಮಾರು 8ರಿಂದ 10 ಕಿಲೋ ಪ್ರೊಟೀನು ಇರುತ್ತದೆ. ಅದರ ದೊಡ್ಡ ಪಾಲಿನ ಹೆಸರು ಝೀನ್. ಇದು ಇವತ್ತಿನ ಶೋಧವಲ್ಲ. 1821ರಲ್ಲೇ ಅಮೆರಿಕದ ಜಾನ್ ಗೋರ್ಹಮ್ ಎಂಬುವರು ಇದನ್ನು ಬೇರ್ಪಡಿಸಿದ್ದರು. ಮಾತ್ರೆ, ಮಿಠಾಯಿಗಳ ಮೇಲಿನ ಹೊಳಪಿನ ಲೇಪಕ್ಕೆ ಬಹಳ ಕಾಲದಿಂದ ಬಳಸುತ್ತಾರೆ. ಪಿಷ್ಟದ ಕಾರ್ಖಾನೆಯಲ್ಲಿ ಪಿಷ್ಟ ತೆಗೆದ ಮೇಲೆ ಉಳಿಯುವ ಪ್ರೊಟೀನಿನ ಪುಡಿಯಲ್ಲಿ ಇದು ಇರುತ್ತದೆ. ಆ ಪುಡಿ ದನದ ಹಿಂಡಿಗೆ ಸೇರುತ್ತದೆ.

ಇದರ ಗುಣ ವಿಚಿತ್ರ. ನೀರಿನಲ್ಲಿ ಕರಗುವುದಿಲ್ಲ, ನೀರು ಬೆರೆತ ಆಲ್ಕೋಹಾಲಿನಲ್ಲಿ ಕರಗುತ್ತದೆ. ಓಮದ ಎಣ್ಣೆಯಲ್ಲಿ ಥೈಮಾಲ್ ಎಂಬ ಸತ್ವ ಇದೆಯಲ್ಲ, ಓಮದ ಘಾಟು ಅದರದ್ದೇ, ಅದಕ್ಕೂ ನೀರು ಆಗದು. ರೋಗಾಣುವಿನ ಹೊರಪೊರೆ ಹರಿದು ಕೊಲ್ಲುವ ಶಕ್ತಿ ಅದಕ್ಕಿದೆ. ಆದರೆ ಹಾಗೇ ಹಾಕಿದರೆ ಅರ್ಧ ಗಾಳಿಗೆ ಹೋಗುತ್ತದೆ, ಉಳಿದದ್ದು ಹಾಲಿನ ಕೊಬ್ಬಿಗೆ ಅಂಟಿಕೊಂಡು ಕೂರುತ್ತದೆ, ರೋಗಾಣುವಿನ ಹತ್ತಿರ ಹೋಗುವುದೇ ಇಲ್ಲ. ಜಾಸ್ತಿ ಹಾಕಿದರೆ ಬಾಯಿಗಿಡಲಾಗದ ವಾಸನೆ. ಈಗ ಝೀನ್, ಥೈಮಾಲ್ ಎರಡನ್ನೂ ಆಲ್ಕೋಹಾಲಿನಲ್ಲಿ ಕರಗಿಸಿ, ಆ ದ್ರಾವಣವನ್ನು ಕಲಕುತ್ತಿರುವ ನೀರಿಗೆ ಸಣ್ಣಗೆ ಹುಯ್ಯಬೇಕು. ಆಲ್ಕೋಹಾಲು ನೀರಿನ ಜೊತೆ ಹೊರಟುಹೋಗುತ್ತದೆ. ನೀರು ಕಂಡರಾಗದ ಇವೆರಡೂ ಒಂದನ್ನೊಂದು ತಬ್ಬಿಕೊಂಡು ಉಂಡೆಯಾಗುತ್ತವೆ, ಚಳಿಗೆ ಕುರಿಗಳು ಒತ್ತಿಕೊಂಡು ನಿಂತ ಹಾಗೆ.

ಎಷ್ಟು ದೊಡ್ಡ ಉಂಡೆ? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಈ ಉಂಡೆ ಸಾಮಾನ್ಯವಾಗಿ 100ರಿಂದ 200 ನ್ಯಾನೊಮೀಟರ್. ಕೆಚ್ಚಲು ಬಾವಿನ ರೋಗಾಣು ಸುಮಾರು 1000. ಹಾಗಾಗಿ ಅದರ ಮೈಮೇಲೇ ಹೋಗಿ ಕೂತು, ಒಳಗಿನ ಸರಕನ್ನು ನಿಧಾನವಾಗಿ ಬಿಡುತ್ತದೆ. ಉಂಡೆಗಳು ಒಂದಕ್ಕೊಂದು ಅಂಟದ ಹಾಗೆ ಮೇಲೊಂದು ಲೇಪ ಕೊಡುತ್ತಾರೆ. ಆ ಲೇಪ ಯಾವುದು ಗೊತ್ತೇ? ಕೇಸೀನ್, ನಮ್ಮ ಹಾಲಿನ ಪ್ರೊಟೀನು! ಚೀನಾದ ಸಂಶೋಧಕರು 2012ರಲ್ಲೇ ಝೀನ್, ಕೇಸೀನ್, ಥೈಮಾಲ್ ಸೇರಿಸಿ ರೋಗಾಣು ತಡೆಯುವ ತೆಳು ಹಾಳೆ ಮಾಡಿದ್ದಾರೆ. ಮೆಕ್ಕೆಜೋಳ ನಮ್ಮ ಹೊಲದ್ದು, ಹಾಲು ನಮ್ಮ ಕೊಟ್ಟಿಗೆಯದು, ಓಮ ಅಡುಗೆಮನೆ ಡಬ್ಬಿಯದು. ಮೂರೂ ಮನೆಯಲ್ಲಿಟ್ಟುಕೊಂಡು ನಮಗೆ ಗೊತ್ತೇ ಇರಲಿಲ್ಲ.

ಇನ್ನೊಂದು ಸಂಗತಿ. 2021ರಲ್ಲಿ ಸಿಂಗಪುರ ಮತ್ತು ಅಮೆರಿಕದ ಹಾರ್ವರ್ಡ್‌ನ ವಿಜ್ಞಾನಿಗಳು ಸೇರಿ ಝೀನಿನ ಅತಿಸಣ್ಣ ಎಳೆಗಳಿಂದ ಹಣ್ಣು ಸುತ್ತುವ ಹೊದಿಕೆ ಮಾಡಿದರು. ತೇವ ಹೆಚ್ಚಾದಾಗ, ಇಲ್ಲವೆ ರೋಗಾಣು ಬಿಡುವ ರಸ ತಾಗಿದಾಗ ಮಾತ್ರ ಅದು ಔಷಧಿ ಬಿಡುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ದಿನ ಉಳಿದ ಸ್ಟ್ರಾಬೆರಿ ಅದರಲ್ಲಿ ಏಳು ದಿನ ಬೂಷ್ಟು ಹಿಡಿಯದೆ ಉಳಿಯಿತು. ಅದರಲ್ಲಿ ಥೈಮ್ ಎಂಬ ಸೊಪ್ಪಿನ ಎಣ್ಣೆಯ ಜೊತೆ ನಿಸಿನ್ ಅಂತ ಒಂದು ವಸ್ತು ಇತ್ತು. ಅದು ಹಾಲು ಹುಳಿ ಮಾಡುವ ಜೀವಿಗಳೇ ತಯಾರಿಸುವ ರೋಗಾಣು ನಾಶಕ. ಅವ್ವನ ಹೆಪ್ಪಿನ ಬಳಗದವರದೇ ಕೆಲಸ ಅನ್ನಿ.

ಇಷ್ಟು ಕೇಳಿ ನಾಳೆ ಯಾರೂ ಓಮದ ಎಣ್ಣೆ ತಂದು ಕೆಚ್ಚಲಿಗೆ ಹಚ್ಚಬೇಡಿ. ಹಸಿ ಎಣ್ಣೆ ಚರ್ಮ ಸುಡುತ್ತದೆ. ನಾವು ಹೇಳಿದ್ದು ಪ್ರಯೋಗಶಾಲೆಯ ಮಾತು, ಔಷಧಿ ಅಂಗಡಿಯ ಮಾತಲ್ಲ. ತಿನ್ನುವ ಪದಾರ್ಥದಿಂದಲೇ ಮಾಡಿದ್ದು ಅಂದ ಮಾತ್ರಕ್ಕೆ ನಂಬಿಬಿಡುವ ಹಾಗೂ ಇಲ್ಲ. ಅಷ್ಟು ಸಣ್ಣದಾದಾಗ ವಸ್ತುವಿನ ನಡವಳಿಕೆ ಬದಲಾಗಬಹುದು. ಹಸುವಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಹಾಲಿಗೆ ಎಷ್ಟು ಇಳಿಯುತ್ತದೆ ಅಂತ ಪ್ರತಿಯೊಂದನ್ನೂ ಬೇರೆಯಾಗಿ ಪರೀಕ್ಷೆ ಮಾಡಬೇಕು. ಥೈಮಾಲೂ ಸೋರಿದರೆ ಹೆಪ್ಪನ್ನು ಕೆಡಿಸೀತು. 2021ರಲ್ಲಿ ನ್ಯಾನೊ ಯೂರಿಯಾ ಬಾಟಲಿ ಬಂದಾಗಿನಿಂದ ಊರಲ್ಲಿ ನ್ಯಾನೊ ಅನ್ನುವ ಮಾತು ಓಡಾಡುತ್ತಿದೆ. ಆ ಹೆಸರು ಬರೆದು ಏನು ಬೇಕಾದರೂ ಮಾರುವವರು ಬರಬಹುದು. ಬಂದರೆ ಮೊದಲು ಡಾಕ್ಟರಿಗೆ ತೋರಿಸಿ.

ಅಲ್ಲಿಯವರೆಗೆ ನಮ್ಮ ಕೈಲಿರುವುದು ದಿನ ಎಣಿಸುವುದು. ಔಷಧಿ ಕೊಟ್ಟ ಮೇಲೆ ಹಾಲು ಎಷ್ಟು ದಿನ ಬಿಡಬೇಕೆಂದು ಲೇಬಲ್ಲಿನಲ್ಲಿ ಬರೆದಿರಬೇಕು. ಪರೀಕ್ಷೆಯಿಂದ ಖಚಿತವಾದ ಅವಧಿ ಇಲ್ಲದ ಔಷಧಿಯಾದರೆ ಹಾಲಿಗೆ 7 ದಿನಕ್ಕೆ ಕಡಿಮೆ ಇರಬಾರದೆಂದು 2012ರಲ್ಲಿ ಬಂದ ಕಾನೂನೇ ಹೇಳುತ್ತದೆ. ಕಾರ್ಯದರ್ಶಿಗಳ ಮೇಜಿನ ಮೇಲೆ ಕೆಂಪು ರಟ್ಟಿನ ಪುಸ್ತಕ ಇದೆ. ಯಾವ ಹಸುವಿಗೆ ಯಾವತ್ತು ಯಾವ ಔಷಧಿ ಅಂತ ಅದರಲ್ಲಿ ಬರೆಸಬೇಕು. ಬರೆಸಿದವರ ಮಿಕ್ಕ ಹಸುಗಳ ಹಾಲನ್ನು ಯಾರೂ ಬೇಡ ಅನ್ನುವುದಿಲ್ಲ, ನಾಚಿಕೆಪಡುವುದೂ ಬೇಡ. ಮೊದಲ ಪುಟದ ಮೊದಲ ಸಾಲಿನಲ್ಲಿರುವುದು ನಮ್ಮ ಮನೆಯ ಹಸುವೇ.