ಹಾಡಿದವರು ಯಾರು, ಉಂಡವರು ಯಾರು?

(ವಿದ್ಯಾರ್ಥಿನಿಲಯದ ಗೆಳೆಯರ ಕೂಟದಲ್ಲಿ ಆಡಿದ ಮಾತು)



ಗಿಟಾರ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಸಿನಿಮಾ ಹೀರೋ, ಇಲ್ಲವೇ ದುಡ್ಡಿದ್ದವರ ಮನೆ ಹುಡುಗರು. ಇವತ್ತು ನಾವು ಹೇಳಬೇಕೆಂದಿರುವುದು ಬೇರೆ ಕೈಗಳ ಮಾತು. ಹತ್ತಿ ಬಿಡಿಸಿದ ಕೈಗಳು, ಕಂಡವರ ಮನೆ ಪಾತ್ರೆ ತೊಳೆದ ಕೈಗಳು ನುಡಿಸಿದ ಗಿಟಾರಿನ ಮಾತು.

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾಗದದ ಮೇಲೆ ಹೋಯಿತು. ಭೂಮಿ ಮಾತ್ರ ಒಡೆಯರ ಕೈಯಲ್ಲೇ ಉಳಿಯಿತು. ಮಿಸ್ಸಿಸಿಪ್ಪಿಯಂಥ ದಕ್ಷಿಣದ ರಾಜ್ಯಗಳಲ್ಲಿ ಕರಿಯ ಜನ ಅದೇ ಹೊಲಗಳನ್ನು ಪಾಲಿಗೆ ಉತ್ತರು. ಬೀಜ, ದಿನಸಿ ಎಲ್ಲಾ ಸಾಲ. ಸುಗ್ಗಿಯಲ್ಲಿ ಲೆಕ್ಕ ಬರೆಯುವವನೂ ಒಡೆಯನೇ. ಆ ಲೆಕ್ಕ ತೀರುವುದೆಂತು? ಬ್ಲೂಸ್ ಎಂಬ ಹಾಡು ಹುಟ್ಟಿ ಬೆಳೆದದ್ದು ಈ ಜನರ ನಡುವೆ.

ಅವರಲ್ಲಿ ಒಬ್ಬರು ಮಿಸ್ಸಿಸಿಪ್ಪಿ ಜಾನ್ ಹರ್ಟ್. ಊರು ಆವಲಾನ್. ಹೆಬ್ಬೆರಳು ತಾಳ ಹಿಡಿದರೆ ಉಳಿದ ಬೆರಳು ಹಾಡಿನ ಧಾಟಿ ನುಡಿಸುತ್ತಿದ್ದವು. ಕೇಳಿದವರಿಗೆ ಇಬ್ಬರು ನುಡಿಸಿದಂತೆ. 1928ರಲ್ಲಿ ಓಕೇ ಕಂಪನಿ ಅವರ ಹಾಡುಗಳ ಗ್ರಾಮಫೋನ್ ಪ್ಲೇಟು ಮಾಡಿತು. ಪ್ಲೇಟು ಹೆಚ್ಚು ಮಾರಲಿಲ್ಲ. ಕಂಪನಿ ಮರೆಯಿತು, ಇವರು ಮತ್ತೆ ಹೊಲಕ್ಕೆ ಹೋದರು. 35 ವರ್ಷ ಕಳೆಯಿತು. 1963ರಲ್ಲಿ, ಹಳೆ ಹಾಡೊಂದರಲ್ಲಿದ್ದ ಊರಿನ ಹೆಸರು ಹಿಡಿದು ಒಬ್ಬ ಬಿಳಿಯ ಯುವಕ ಹುಡುಕಿಕೊಂಡು ಬಂದ. ಹರ್ಟ್ ಅವರಿಗೆ ಮೊದಲು ಬಂದ ಯೋಚನೆ, ಇವನು ಪೊಲೀಸಿನವನಿರಬೇಕು ಅಂತ. ಬಿಳಿಯ ಬಾಗಿಲಿಗೆ ಬಂದರೆ ಬೇರೇನು ತಿಳಿಯಬೇಕು? ನುಡಿಸಿ ಅಂದರೆ ಮನೆಯಲ್ಲಿ ಗಿಟಾರೂ ಇರಲಿಲ್ಲ.

ಅದೇ ಜುಲೈ ಕೊನೆಗೆ ಅವರು ನ್ಯೂಪೋರ್ಟಿನ ಜಾನಪದ ಸಂಗೀತೋತ್ಸವದಲ್ಲಿ ಕೂತಿದ್ದರು. ನಮ್ಮಲ್ಲಿ ಆಗ ಮಳೆ, ಅಲ್ಲಿ ಬೇಸಿಗೆ. ನ್ಯೂಪೋರ್ಟ್ ಎಂದರೆ ಕೋಟ್ಯಧೀಶರು ಸಮುದ್ರದ ದಡದಲ್ಲಿ ಬಂಗಲೆ ಕಟ್ಟಿಕೊಂಡ ಊರು. ಅಲ್ಲಿ ಎಪ್ಪತ್ತರ ಮುದುಕ ಮೆಲುದನಿಯಲ್ಲಿ ಹಾಡಿದರು. ಕಾಲೇಜು ಹುಡುಗ ಹುಡುಗಿಯರು ಉಸಿರು ಬಿಗಿಹಿಡಿದು ಕೇಳಿದರು. ಆ ವರ್ಷ ಉತ್ಸವದಲ್ಲಿ ಹೆಸರಾಂತರಿಗೂ ಹೊಸಬರಿಗೂ ಸಂಭಾವನೆ ಒಂದೇ, 50 ಡಾಲರ್. ಇದು ಒಳ್ಳೇದು, ಒಪ್ಪೋಣ.

ಆದರೆ ಆರು ವಾರದ ಹಿಂದೆ, ಜೂನ್ 12ರಂದು, ಅದೇ ಮಿಸ್ಸಿಸಿಪ್ಪಿಯ ಜಾಕ್ಸನ್ನಿನಲ್ಲಿ ಹಕ್ಕು ಕೇಳಿದ ಮೆಡ್ಗರ್ ಎವರ್ಸ್ ಅವರನ್ನು ಮನೆ ಮುಂದೆಯೇ ಗುಂಡಿಟ್ಟು ಕೊಂದಿದ್ದರು. ಆ ರಾಜ್ಯದ ಕರಿಯರಲ್ಲಿ ಮತದಾರರ ಪಟ್ಟಿಗೆ ಸೇರಿದ್ದವರು ನೂರಕ್ಕೆ ಏಳೂ ಇರಲಿಲ್ಲ. ಹರ್ಟ್ ಅವರ ಬೆರಳಿಗೆ ಚಪ್ಪಾಳೆ ಸಿಕ್ಕಿತು. ಅವರಂಥವರ ಬೆರಳಿಗೆ ಮತದ ಶಾಯಿ ಸಿಗಲು 1965ರ ಮತದಾನದ ಹಕ್ಕಿನ ಕಾಯಿದೆ ಬರಬೇಕಾಯಿತು. ಅದನ್ನು ತಂದದ್ದು ಚಪ್ಪಾಳೆಯಲ್ಲ, ಬೀದಿಗಿಳಿದು ಲಾಠಿ ತಿಂದ ಜನ.

ಅಲ್ಲೇ ನುಡಿಸಿದ ಇನ್ನೊಬ್ಬರು ಎಲಿಜಬೆತ್ ಕಾಟನ್. ಹುಡುಗಿಯಾಗಿದ್ದಾಗ ಮನೆಗೆಲಸದ ಕಾಸು ಕೂಡಿಟ್ಟು ಗಿಟಾರ್ ಕೊಂಡವರು. ಎಡಗೈಯವರು, ತಂತಿ ಬದಲಿಸದೆ ವಾದ್ಯವನ್ನೇ ತಿರುವಿ ಹಿಡಿದು, ಹೆಬ್ಬೆರಳಲ್ಲಿ ಧಾಟಿ, ಬೆರಳಲ್ಲಿ ಮಂದ್ರ ನುಡಿಸಿದರು. ಕಲಿಸಿದವರು ಯಾರೂ ಇಲ್ಲ. ಎಳೆಯ ವಯಸ್ಸಿನಲ್ಲಿ ಅವರು ಕಟ್ಟಿದ ‘ಫ್ರೈಟ್ ಟ್ರೇನ್’ ಎಂಬ ಹಾಡು 1957ರಲ್ಲಿ ಇಂಗ್ಲೆಂಡಿನಲ್ಲಿ ಭಾರಿ ಮಾರಾಟವಾಯಿತು, ಬೇರೆಯವರ ಹೆಸರಿನಲ್ಲಿ! ಈ ತಾಯಿ ಆಗ ಸೀಗರ್ ಎಂಬ ಸಂಗೀತಗಾರರ ಮನೆಯಲ್ಲಿ ಅಡುಗೆ, ಕಸಮುಸುರೆ ಮಾಡುತ್ತಿದ್ದರು. ಆ ಮನೆಯವರೂ ಜೊತೆ ನಿಂತು ಹಕ್ಕು ಕೇಳಿದ ಮೇಲೆ ಅವರ ಹೆಸರು ಸೇರಿತು. ಗ್ರ್ಯಾಮಿ ಪ್ರಶಸ್ತಿ ಬಂದದ್ದು 1985ರಲ್ಲಿ, 90ರ ಆಸುಪಾಸಿನ ಮುಪ್ಪಿನಲ್ಲಿ.

ಇವರನ್ನೆಲ್ಲ ‘ಕಂಡುಹಿಡಿದರು’ ಅಂತ ಪುಸ್ತಕಗಳು ಬರೀತವೆ. ಇವರೇನು ಕಳೆದುಹೋಗಿದ್ದರೇ? 1931ರಲ್ಲಿ ಪ್ಲೇಟು ಮಾಡಿದ್ದ ಸ್ಕಿಪ್ ಜೇಮ್ಸ್ 1964ರಲ್ಲಿ ಸಿಕ್ಕಿದ್ದು ಟುನಿಕಾ ಊರಿನ ಆಸ್ಪತ್ರೆ ಹಾಸಿಗೆ ಮೇಲೆ. ಹುಡುಕಿ ಹೋದ ಯುವಕರ ಪ್ರೀತಿಯನ್ನು ನಾವು ಅಲ್ಲಗಳೆಯೋದಿಲ್ಲ. ಆದರೆ ಅಷ್ಟು ವರ್ಷ ಯಾಕೆ ಯಾರಿಗೂ ಕಾಣಲಿಲ್ಲ ಅಂತ ಕೇಳಲೇಬೇಕು.

ಕರಿಯರ ಕಥೆ ನಮಗ್ಯಾಕೆ ಅಂತೀರಾ? 1946ರಲ್ಲಿ ಬಾಬಾಸಾಹೇಬರೇ ಕರಿಯರ ಹಿರಿಯ ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ಎರಡೂ ಜನರ ಸ್ಥಿತಿ ಎಷ್ಟೊಂದು ಒಂದೇ ಎಂದಿದ್ದರು. ನಮ್ಮಪ್ಪಂದಿರ ತಮಟೆ ಇಲ್ಲದೆ ಜಾತ್ರೆ ಸಾಗದು. ತಮಟೆಯವನು ಮಾತ್ರ ಗುಡಿಯ ಹೊರಗೆ. ಹಾಸ್ಟೆಲಿಗೆ ಬಂದ ನಾವು ಅದನ್ನು ಹೇಳಿಕೊಳ್ಳೋಕೆ ನಾಚ್ತೀವಿ. ನಾಚಿಕೆ ಬೇಡ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಹಾಡು, ದೊಡ್ಡಪ್ಪನ ತಾಳ ಬರೆದುಕೊಳ್ಳಿ. ಪಕ್ಕದಲ್ಲೇ ಅವರ ಹೆಸರನ್ನೂ ಬರೆಯಿರಿ. ನಾಳೆ ಯಾರಾದರೂ ವೇದಿಕೆಗೆ ಕರೆದರೆ ಹೋಗೋಣ. ಹೋಗುವ ಮೊದಲು ಕೂಲಿ ಎಷ್ಟು, ಹೆಸರು ಯಾರದು ಅಂತ ಕೇಳೋಣ. ಕಾಗದ ಓದದೆ ಹೆಬ್ಬೆಟ್ಟು ಒತ್ತುವ ಕಾಲ ನಮ್ಮಪ್ಪಂದಿರ ಜೊತೆಗೇ ಮುಗಿಯಲಿ.