ದಿನದ ನಡೆಯೇ ಮನುಷ್ಯ



ವ್ಯಕ್ತಿತ್ವ ಎಲ್ಲಿ ರೂಪುಗೊಳ್ಳುತ್ತದೆ? ಸಭೆಯಲ್ಲಿ ಅಲ್ಲ, ಸನ್ಮಾನದಲ್ಲಿ ಅಲ್ಲ. ಮನೆಯಲ್ಲಿ, ಹೊಲದಲ್ಲಿ, ಉಣ್ಣುವ ಗಳಿಗೆಯಲ್ಲಿ. ಸಾರಿಗೆ ಉಪ್ಪು ಕಡಿಮೆಯಾಯಿತು. ಒಬ್ಬ ಸಿಡುಕುತ್ತಾನೆ, ಇನ್ನೊಬ್ಬ ಉಪ್ಪು ಬೆರೆಸಿಕೊಂಡು ಉಣ್ಣುತ್ತಾನೆ. ಅನುಭವ ಒಂದೇ, ನಡೆ ಎರಡು. ಇಂದಿನ ಸಿಡುಕು ನಾಳೆ ರೂಢಿ. ರೂಢಿಯೇ ಮುಂದೆ ಸ್ವಭಾವ.

ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಮನಃಶಾಸ್ತ್ರದ ದೊಡ್ಡ ಗ್ರಂಥ ಬರೆದರು. ಅದರಲ್ಲಿ ರೂಢಿಗೇ ಒಂದು ಅಧ್ಯಾಯ. ಹೊಸ ರೂಢಿ ಬೇರೂರುವ ತನಕ ಒಮ್ಮೆಯೂ ತಪ್ಪಬಾರದು ಎಂಬುದು ಅವರ ವಿಚಾರ. ಕೇಳಿದರೆ ಎದೆ ಕುಸಿಯುತ್ತದೆ. ತಪ್ಪದವರು ಯಾರಿದ್ದಾರೆ?

ಆದರೆ ಲಂಡನ್ನಿನಲ್ಲಿ 96 ಜನರನ್ನು 12 ವಾರ ಪರೀಕ್ಷಿಸಿದರು. ಫಲ 2010ರಲ್ಲಿ ಅಚ್ಚಾಯಿತು. ಊಟದೊಡನೆ ಹಣ್ಣು ತಿನ್ನುವಂಥ ಸಣ್ಣ ರೂಢಿಗಳು. ಲೆಕ್ಕ ಹಾಕಿದಾಗ, ರೂಢಿ ಬಲಿಯಲು ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ 254 ದಿನ. ನಡುವೆ ಒಂದು ದಿನ ತಪ್ಪಿದ್ದರಿಂದ ಕಟ್ಟಿದ್ದು ಕೆಡಲಿಲ್ಲ.

ಸಿಟ್ಟು ಹಣ್ಣಿನಷ್ಟು ಸುಲಭವಲ್ಲ, ನಿಜ. ಆದರೂ ಒಂದು ದಿನ ತಪ್ಪಿತೆಂದು ಕೈಬಿಡಬೇಡಿ. ಮರುದಿನ ಊಟಕ್ಕೆ ಕುಳಿತಾಗ ಮತ್ತೆ ಹಿಡಿಯಿರಿ. ಮನೆಯವರು ಅಂಜದೆ ಬಡಿಸುವಂತಾದರೆ, ಅದೇ ವ್ಯಕ್ತಿತ್ವ.